ರಕ್ತದಲ್ಲಿ ಸುಣ್ಣ ಏರಿದಾಗ ಮೂತ್ರಪಿಂಡಗಳು ಮಾಡುವುದೇನು?

ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ಮೂತ್ರಪಿಂಡದ ಹರಳುಗಳ ವಿಷಯ ಬರೆದ ತರುವಾಯ ಬಂದ ಪತ್ರಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮರಳಿ ಮರಳಿ ಕಾಣಿಸಿತು. ಮನೆಯಲ್ಲಿ ಕ್ಯಾನ್ಸರ್ ಆದ ಹಿರಿಯರಿದ್ದಾರೆ. ರಕ್ತಪರೀಕ್ಷೆಯಲ್ಲಿ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಮಿತಿಮೀರಿದೆ ಎಂದು ವೈದ್ಯರು ಹೇಳಿದ್ದಾರೆ. ಹಾಗಾದರೆ ಅವರಿಗೆ ಹಾಲು, ಮಜ್ಜಿಗೆ, ರಾಗಿಯ ಅಂಬಲಿ ನಿಲ್ಲಿಸಬೇಕೆ? ವೈದ್ಯರ ಬಳಿ ಕೇಳಲು ಸಂಕೋಚವಾಗಿ ಪತ್ರಿಕೆಗೆ ಬರೆದವರೂ ಉಂಟು.

ಬಹುಮಟ್ಟಿಗೆ ನಿಲ್ಲಿಸಬೇಕಾಗಿಲ್ಲ ಎಂಬುದೇ ಉತ್ತರ. ಈ ಸುಣ್ಣ ಬಂದದ್ದು ಊಟದ ತಟ್ಟೆಯಿಂದಲ್ಲ, ರೋಗಿಯ ಸ್ವಂತ ಎಲುಬುಗಳಿಂದ. ಎಲುಬಿನಿಂದ ಹೊರಬಿದ್ದ ಸುಣ್ಣವನ್ನು ದೇಹದಿಂದ ಆಚೆಗೆ ಸಾಗಿಸಬೇಕಾದ ಬಾಗಿಲು ಮೂತ್ರಪಿಂಡ. ಆ ಬಾಗಿಲು ತೆರೆಯಬೇಕಾದ ಹೊತ್ತಿನಲ್ಲಿಯೇ ಮುಚ್ಚಿಕೊಳ್ಳುತ್ತದೆ. ಅದೇಕೆ ಎಂಬುದನ್ನು ತಿಳಿದುಕೊಂಡರೆ ಆಸ್ಪತ್ರೆಯಲ್ಲಿ ಮೊದಲಿಗೆ ಸಲಾಯಿನ್ ಹಚ್ಚುವುದೇಕೆ, ಕೆಲವು ಗುಳಿಗೆಗಳನ್ನು ತಕ್ಷಣ ಬಿಡಿಸುವುದೇಕೆ ಎಂಬುದೆಲ್ಲ ತಾನಾಗಿಯೇ ಸ್ಪಷ್ಟವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ರೋಗಿ ಮಂಕಾಗಿ ಮಲಗಿದಾಗ "ಇನ್ನು ಮುಗಿಯಿತು" ಎಂದು ಮನೆಯವರು ಕೈಚೆಲ್ಲುವ ಮುನ್ನ ಕೇಳಲೇಬೇಕಾದ ಒಂದು ಪ್ರಶ್ನೆ ಅವರಿಗೆ ಹೊಳೆಯುತ್ತದೆ.

ವಯಸ್ಕರ ದೇಹದಲ್ಲಿ ಹೆಚ್ಚುಕಡಿಮೆ ಒಂದು ಕಿಲೋಗ್ರಾಂನಷ್ಟು ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ಎಲುಬು ಮತ್ತು ಹಲ್ಲುಗಳಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ. ರಕ್ತದಲ್ಲಿಯೂ ಜೀವಕೋಶಗಳ ಹೊರಗಿನ ದ್ರವದಲ್ಲಿಯೂ ಓಡಾಡುವುದು ಬರಿಯ ಒಂದು ಗ್ರಾಂನಷ್ಟು ಮಾತ್ರ. ಹೃದಯದ ಮಿಡಿತ, ಸ್ನಾಯುಗಳ ಸಂಕೋಚನ, ನರಗಳ ಸಂದೇಶ, ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು, ಇವೆಲ್ಲಕ್ಕೂ ಆ ಒಂದು ಗ್ರಾಂ ಬೇಕು. ಆದುದರಿಂದಲೇ ದೇಹ ಅದನ್ನು ಬಹಳ ಬಿಗಿಯಾದ ಮಿತಿಯಲ್ಲಿ ಇಟ್ಟುಕೊಂಡಿರುತ್ತದೆ: 100 ಮಿಲಿಲೀಟರ್ ರಕ್ತದ್ರವದಲ್ಲಿ ಸುಮಾರು 8.5ರಿಂದ 10.5 ಮಿಲಿಗ್ರಾಂ. ಇದು 12ನ್ನು ದಾಟಿದರೆ ಸಾಮಾನ್ಯವಾಗಿ ತೊಂದರೆಗಳು ಕಾಣತೊಡಗುತ್ತವೆ. 14ನ್ನು ದಾಟಿದರೆ ಅದು ತುರ್ತುಸ್ಥಿತಿ.

ಈ ಮಿತಿಯನ್ನು ಕಾಯುವಲ್ಲಿ ಮೂತ್ರಪಿಂಡಗಳ ಕೆಲಸ ವಿಸ್ಮಯಕರವಾದುದು. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಕಗಳಿದ್ದು, ಒಂದೊಂದಕ್ಕೂ ಅಂಟಿಕೊಂಡು ಕೂದಲಿಗಿಂತ ಸಪೂರವಾದ ನಾಳವೊಂದು ಇರುತ್ತದೆ. ಎರಡೂ ಮೂತ್ರಪಿಂಡಗಳು ಕೂಡಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ ಈ ನಾಳಗಳಿಗೆ ಬಿಡುತ್ತವೆ. ಅದರೊಡನೆ ಸುಮಾರು 10 ಗ್ರಾಂ ಕ್ಯಾಲ್ಸಿಯಂ ಹೊರಬೀಳುತ್ತದೆ. ರಕ್ತದಲ್ಲಿ ಓಡಾಡುವುದೇ ಒಂದು ಗ್ರಾಂ ಎಂದ ಮೇಲೆ, ಅಷ್ಟೂ ಸುಣ್ಣ ದಿನಕ್ಕೆ ಹತ್ತು ಸಲ ಈ ಸೋಸುಕಗಳ ಮೂಲಕ ಹಾದುಹೋದಂತಾಯಿತು! ಆದರೆ ಕೊನೆಗೆ ಮೂತ್ರದಲ್ಲಿ ಹೋಗುವುದು 100ರಿಂದ 300 ಮಿಲಿಗ್ರಾಂ ಮಾತ್ರ. ಉಳಿದುದೆಲ್ಲ, ಎಂದರೆ ನೂರಕ್ಕೆ 98ರಷ್ಟು, ಮತ್ತೆ ರಕ್ತಕ್ಕೆ ಸೇರುತ್ತದೆ. ದೀಪಾವಳಿಯ ಮುಂದೆ ನಮ್ಮ ಗೃಹಿಣಿಯರು ಮನೆಯ ಸಾಮಾನುಗಳನ್ನೆಲ್ಲ ಅಂಗಳಕ್ಕೆ ತಂದಿಟ್ಟು, ಬೇಕಾದುದನ್ನು ಒಳಗೊಯ್ದು, ಬೇಡವಾದ ಒಂದು ಬುಟ್ಟಿಯನ್ನಷ್ಟೇ ತಿಪ್ಪೆಗೆ ಹಾಕುವುದಿಲ್ಲವೆ? ಮೂತ್ರಪಿಂಡ ಇದನ್ನು ಹಗಲಿರುಳೂ ಮಾಡುತ್ತಿರುತ್ತದೆ.

ಮರಳಿ ಒಳಗೊಯ್ಯುವ ಈ ಕೆಲಸ ಮೂರು ಎಡೆಗಳಲ್ಲಿ ನಡೆಯುತ್ತದೆ. ನಾಳದ ಮೊದಲ ಭಾಗದಲ್ಲಿ ನೂರಕ್ಕೆ 60–65 ಪಾಲು ಮರಳುತ್ತದೆ. ಇಲ್ಲಿ ಸುಣ್ಣಕ್ಕೆ ಸ್ವತಂತ್ರ ನಡಿಗೆಯಿಲ್ಲ. ಉಪ್ಪಿನಲ್ಲಿರುವ ಸೋಡಿಯಂ ಮತ್ತು ನೀರು ಎತ್ತ ಹೋದರೆ ಅತ್ತ ಅವುಗಳ ಬೆನ್ನುಹತ್ತಿ ಹೋಗುತ್ತದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ. ಬಳಿಕ ನಾಳವು ಕೆಳಗಿಳಿದು ಬಾಗಿ ಮೇಲೇರುವ ಕಡೆಯಲ್ಲಿ 20–25 ಪಾಲು ಮರಳುತ್ತದೆ. ದೂರದ ತುದಿಯಲ್ಲಿ ಮರಳುವುದು ಎಂಟು ಹತ್ತು ಪಾಲಷ್ಟೇ. ಆದರೆ ಪ್ರಮಾಣ ಕಡಿಮೆಯೆಂದು ಇದನ್ನು ಕಡೆಗಣಿಸುವಂತಿಲ್ಲ. ಕೊನೆಯ ತೀರ್ಮಾನವಾಗುವುದು ಇಲ್ಲಿಯೇ. ಕೊರಳಲ್ಲಿ ಥೈರಾಯ್ಡ್ ಗ್ರಂಥಿಯ ಹಿಂದೆ ಕಾಳಿನಷ್ಟು ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದಲ್ಲಿ ಸುಣ್ಣ ತುಸು ಇಳಿದೊಡನೆ ಅವು ಸ್ರವಿಸುವ ಹಾರ್ಮೋನು "ಸುಣ್ಣವನ್ನು ಬಿಡಬೇಡ" ಎಂದು ಮೂತ್ರಪಿಂಡಕ್ಕೂ, "ಸ್ವಲ್ಪ ಕೊಡು" ಎಂದು ಎಲುಬಿಗೂ ಆಜ್ಞೆ ಕಳಿಸುತ್ತದೆ. ಸುಣ್ಣ ಏರಿದರೆ ಗ್ರಂಥಿಗಳು ಮೌನವಾಗುತ್ತವೆ, ಹೆಚ್ಚಿನದು ಮೂತ್ರದಲ್ಲಿ ಹೋಗುತ್ತದೆ. ಆರೋಗ್ಯವಂತರಲ್ಲಿ ಈ ವ್ಯವಸ್ಥೆ ಸಾಕು.

ಕ್ಯಾನ್ಸರಿನಲ್ಲಿ ಇದು ಕೆಡುವ ಬಗೆಯನ್ನು ಮೊದಲು ಊಹಿಸಿದವರು ಅಮೆರಿಕದ ಫುಲ್ಲರ್ ಆಲ್‌ಬ್ರೈಟ್. 1941ರಲ್ಲಿ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಒಬ್ಬ ರೋಗಿಯ ವಿಷಯ ಚರ್ಚೆಗೆ ಬಂದಿತ್ತು. ಆತನಿಗೆ ಮೂತ್ರಪಿಂಡದ ಕ್ಯಾನ್ಸರ್ ಆಗಿ ಅದು ಎಲುಬಿಗೆ ಹರಡಿತ್ತು, ರಕ್ತದಲ್ಲಿ ಸುಣ್ಣ ಏರಿತ್ತು. ಗಡ್ಡೆ ಎಲುಬನ್ನು ತಿಂದದ್ದರಿಂದ ಸುಣ್ಣ ಸುರಿಯುತ್ತಿದೆ ಎಂದು ಸುಮ್ಮನಾಗಬಹುದಾಗಿತ್ತು. ಆದರೆ ಎಲುಬು ಕರಗಿದರೆ ಸುಣ್ಣದ ಜೊತೆಗೆ ರಂಜಕವೂ, ಅಂದರೆ ಫಾಸ್ಫೇಟೂ ಏರಬೇಕಲ್ಲವೆ? ಅದು ಇಳಿದಿತ್ತು. ಪ್ಯಾರಾಥೈರಾಯ್ಡ್ ಹಾರ್ಮೋನು ಹೆಚ್ಚಿದಾಗ ಮೂತ್ರಪಿಂಡ ಸುಣ್ಣವನ್ನು ಹಿಡಿದು ರಂಜಕವನ್ನು ಬಿಡುತ್ತದೆ. ಹಾಗಾದರೆ ಈ ಗಡ್ಡೆಯೇ ಅಂಥದೊಂದು ವಸ್ತುವನ್ನು ತಯಾರಿಸುತ್ತಿರಬಹುದು ಎಂದು ಆಲ್‌ಬ್ರೈಟ್ ಸೂಚಿಸಿದರು. ಆ ಒಂದು ಸೂಚನೆಯ ಹಿಂದಿದ್ದ ಸೂಕ್ಷ್ಮದೃಷ್ಟಿಯನ್ನು ಮೆಚ್ಚಲೇಬೇಕು.

ಊಹೆ ಸಾಕ್ಷಿ ಪಡೆಯಲು 46 ವರ್ಷ ಬೇಕಾಯಿತು. 1987ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ ಟಿ. ಜೆ. ಮಾರ್ಟಿನ್ ಮತ್ತು ಅವರ ಸಂಗಡಿಗರು ಶ್ವಾಸಕೋಶದ ಕ್ಯಾನ್ಸರಿನ ಜೀವಕೋಶಗಳಿಂದ ಆ ವಸ್ತುವನ್ನು ಗುರುತಿಸಿದರು. ಅದು ಪ್ಯಾರಾಥೈರಾಯ್ಡ್ ಹಾರ್ಮೋನೇ ಅಲ್ಲ. ಅದರ ಸೋದರಸಂಬಂಧಿಯಂಥ ಪ್ರೋಟೀನು. ಎರಡರ ಮೊದಲ 13 ಅಮೈನೋ ಆಮ್ಲಗಳಲ್ಲಿ 8 ಒಂದೇ ಆಗಿವೆ. ಬೀಗಕ್ಕೆ ಅಷ್ಟು ಹೋಲಿಕೆ ಸಾಕು, ಈ ಕಳ್ಳಕೀಲಿಯಿಂದಲೂ ತೆರೆದುಕೊಳ್ಳುತ್ತದೆ. ಇಲ್ಲಿ ಒಂದು ಮಾತು ಹೇಳದಿರಲಾಗದು. ಈ ಪ್ರೋಟೀನು ಹುಟ್ಟಿನಿಂದ ದುಷ್ಟವಲ್ಲ. ಬಾಣಂತಿಯ ಎಲುಬಿನಿಂದ ಸುಣ್ಣವನ್ನು ಬಿಡಿಸಿ ಎದೆಹಾಲಿಗೆ ಒದಗಿಸುವ ಏರ್ಪಾಟಿನಲ್ಲಿ ಇದರ ಪಾತ್ರವಿದೆ. ಗರ್ಭದಲ್ಲಿರುವ ಶಿಶುವಿಗೆ ಸುಣ್ಣ ದೊರಕುವುದಕ್ಕೂ ಇದು ಬೇಕು. ತಾಯ್ತನಕ್ಕೆಂದು ಇರುವ ವಸ್ತುವನ್ನೇ ಗಡ್ಡೆ ತನ್ನ ಲಾಭಕ್ಕೆ ಬಳಸಿಕೊಳ್ಳುತ್ತದೆ.

ಕ್ಯಾನ್ಸರಿನಿಂದ ಸುಣ್ಣ ಏರಿದ ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿಗೆ ಈ ಪ್ರೋಟೀನೇ ಕಾರಣ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶ, ಗರ್ಭಕೊರಳು, ಮೂತ್ರಪಿಂಡ ಮುಂತಾದೆಡೆಗಳ ಕ್ಯಾನ್ಸರುಗಳಲ್ಲಿ ಇದು ಕಾಣುತ್ತದೆ. ತಂಬಾಕು ಅಡಿಕೆಗಳ ದೆಸೆಯಿಂದ ಬಾಯಿಯ ಕ್ಯಾನ್ಸರ್ ನಮ್ಮ ನಾಡಿನಲ್ಲಿ ಅಪರೂಪವಲ್ಲವಾದುದರಿಂದ ಈ ವಿಷಯ ನಮಗೆ ದೂರದ್ದೇನೂ ಅಲ್ಲ. ಗಡ್ಡೆ ಕಳಿಸಿದ ಪ್ರೋಟೀನು ಎಲುಬಿಗೆ "ಕೊಡು" ಎನ್ನುತ್ತದೆ, ಮೂತ್ರಪಿಂಡದ ದೂರದ ತುದಿಗೆ "ಬಿಡಬೇಡ" ಎನ್ನುತ್ತದೆ. ಕೊರಳಿನ ನಿಜವಾದ ಗ್ರಂಥಿಗಳು ಅಪಾಯವನ್ನು ಅರಿತು ಬಾಯಿಮುಚ್ಚಿಕೊಂಡಿದ್ದರೂ ಮೂತ್ರಪಿಂಡಕ್ಕೆ ಅದು ತಿಳಿಯದು. ಖೋಟಾ ಸಹಿಯ ಹುಕುಮನ್ನು ಅಸಲಿಯೆಂದು ನಂಬಿದ ಪ್ರಾಮಾಣಿಕ ಗುಮಾಸ್ತನಂತೆ ಅದು ಸುಣ್ಣವನ್ನು ಹಿಡಿದಿಡುತ್ತಲೇ ಹೋಗುತ್ತದೆ.

ಸ್ತನದ ಕ್ಯಾನ್ಸರ್ ಎಲುಬುಗಳಿಗೆ ಹರಡಿದಾಗ ಮತ್ತು ಮಜ್ಜೆಯ ಕ್ಯಾನ್ಸರ್ ಆದ ಮೈಲೋಮದಲ್ಲಿ ಬಗೆ ಬೇರೆ. ಅಲ್ಲಿ ಗಡ್ಡೆ ತಾನಿದ್ದ ಎಡೆಯಲ್ಲಿಯೇ ಎಲುಬನ್ನು ಕರಗಿಸುತ್ತದೆ. ಮೊದಮೊದಲು ಮೂತ್ರಪಿಂಡ ಹೆಚ್ಚಿನ ಸುಣ್ಣವನ್ನು ಹೊರಹಾಕಿ ಸಮ ಮಾಡಲು ಹೆಣಗುತ್ತದೆ. ಆದರೆ ಮೈಲೋಮದ ಅಸಹಜ ಪ್ರೋಟೀನುಗಳು ಮೂತ್ರಪಿಂಡದ ನಾಳಗಳಲ್ಲಿ ಸಿಕ್ಕಿಕೊಂಡು ಅವನ್ನು ಕೆಡಿಸುವುದರಿಂದ ಹೆಣಗುವ ಶಕ್ತಿಯೂ ಕುಂದುತ್ತದೆ. ಕೆಲವು ಲಿಂಫೋಮಗಳಲ್ಲಿ ಗಡ್ಡೆಯೇ ಸಕ್ರಿಯ ಡಿ ಜೀವಸತ್ವವನ್ನು ತಯಾರಿಸಿ ಕರುಳಿನಿಂದ ಹೆಚ್ಚು ಸುಣ್ಣವನ್ನು ಹೀರಿಸುತ್ತದೆ.

ಕಾರಣ ಯಾವುದೇ ಇರಲಿ, ಸುಣ್ಣ ಒಂದು ಮಟ್ಟವನ್ನು ದಾಟಿದ ಮೇಲೆ ಎಲ್ಲರಲ್ಲಿಯೂ ಒಂದೇ ವಿಷವರ್ತುಲ ಆರಂಭವಾಗುತ್ತದೆ. 1993ರಲ್ಲಿ ಬಾಸ್ಟನ್ನಿನ ಎಡ್ವರ್ಡ್ ಬ್ರೌನ್, ಸ್ಟೀವನ್ ಹೆಬರ್ಟ್ ಮತ್ತು ಸಂಗಡಿಗರು ರಕ್ತದ ಕ್ಯಾಲ್ಸಿಯಮನ್ನು ಅಳೆಯುವ ಒಂದು ಗ್ರಾಹಕವನ್ನು ಕಂಡುಹಿಡಿದರು. ಜೀವಕೋಶದ ಹೊರಮೈಯಲ್ಲಿ ಕುಳಿತು ಸುಣ್ಣದ ರುಚಿ ನೋಡುವ ನಾಲಗೆಯೆಂದೇ ಅದನ್ನು ಕರೆಯಬಹುದು. ಇದು ಪ್ಯಾರಾಥೈರಾಯ್ಡಿನಲ್ಲಿರುವಂತೆ ಮೂತ್ರಪಿಂಡದ ನಾಳ ಬಾಗಿ ಮೇಲೇರುವ ಭಾಗದಲ್ಲಿಯೂ ಇದೆ. ಸುಣ್ಣ ಹೆಚ್ಚಾಯಿತೆಂದು ತಿಳಿದೊಡನೆ ಅದು ಆ ಭಾಗದಲ್ಲಿ ಉಪ್ಪು ಮರಳುವುದನ್ನು ತಡೆಯುತ್ತದೆ. ಉಪ್ಪಿನೊಡನೆ ನೀರೂ ಹೋಗುತ್ತದೆ. ಇದಲ್ಲದೆ, ಮೂತ್ರವನ್ನು ಸಾಂದ್ರಗೊಳಿಸಿ ನೀರುಳಿಸಬೇಕೆಂದು ಮಿದುಳು ಕಳಿಸುವ ಹಾರ್ಮೋನಿಗೆ ನಾಳದ ಕೊನೆಯ ಭಾಗ ಕಿವಿಗೊಡುವುದಿಲ್ಲ. ರೋಗಿ ಮೇಲಿಂದ ಮೇಲೆ ಮೂತ್ರಕ್ಕೆ ಏಳುತ್ತಾನೆ, ಬಾಯಾರುತ್ತಾನೆ. ಆದರೆ ಅದೇ ಸುಣ್ಣ ಹೊಟ್ಟೆ ತೊಳಸುವಂತೆ ಮಾಡಿರುವುದರಿಂದ ಕುಡಿದದ್ದು ನಿಲ್ಲುವುದಿಲ್ಲ.

ಹೀಗೆ ದೇಹ ಒಣಗುತ್ತದೆ. ಒಣಗಿದ ದೇಹಕ್ಕೆ ಮೂತ್ರಪಿಂಡ ಮಾಡುವ ಸಹಜ ಉಪಕಾರವೆಂದರೆ ನಾಳದ ಮೊದಲ ಭಾಗದಲ್ಲಿ ಸಿಕ್ಕಷ್ಟು ಉಪ್ಪನ್ನೂ ನೀರನ್ನೂ ಬಾಚಿಕೊಳ್ಳುವುದು. ಅವುಗಳ ಬೆನ್ನುಹತ್ತಿ ಸುಣ್ಣವೂ ಮರಳಿ ಒಳಗೆ ಬರುತ್ತದೆ! ಸೋಸುಕಗಳಿಗೆ ಬರುವ ರಕ್ತವೂ ಇಳಿಯುವುದರಿಂದ ಹೊರಬೀಳುವ ಸುಣ್ಣದ ಪ್ರಮಾಣ ಇನ್ನಷ್ಟು ತಗ್ಗುತ್ತದೆ. ರಕ್ತದಲ್ಲಿ ಸುಣ್ಣ ಇನ್ನೂ ಏರುತ್ತದೆ, ಏರಿದಷ್ಟೂ ನೀರು ಹೋಗುತ್ತದೆ, ನೀರು ಹೋದಷ್ಟೂ ಸುಣ್ಣ ಉಳಿಯುತ್ತದೆ. ವಾರಗಟ್ಟಲೆ ಸಹಿಸಿಕೊಂಡಿದ್ದ ರೋಗಿ ಎರಡು ಮೂರು ದಿನಗಳಲ್ಲಿ ಕುಸಿಯುವುದು ಈ ಚಕ್ರ ವೇಗ ಪಡೆದಾಗ.

ಮನೆಯಲ್ಲಿ ಇದು ಹೇಗೆ ಕಾಣುತ್ತದೆ? ಊಟ ಸೇರುವುದಿಲ್ಲ, ವಾಕರಿಕೆ, ಮಲಬದ್ಧತೆ, ಮೈಯೆಲ್ಲ ಸೋತಂತೆ, ರಾತ್ರಿ ನಾಲ್ಕಾರು ಸಲ ಮೂತ್ರ. ಆಮೇಲೆ ಮಾತು ತಪ್ಪುವುದು, ಹೊತ್ತುಗೊತ್ತು ತಿಳಿಯದಿರುವುದು, ಮಗನನ್ನು ತಮ್ಮನ ಹೆಸರಿನಿಂದ ಕರೆಯುವುದು, ಹಗಲೆಲ್ಲ ನಿದ್ದೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೊಂದು ಕಾರಣ ಸುಲಭವಾಗಿ ಸಿಕ್ಕಿಬಿಡುತ್ತದೆ. ಬಾಯಾರಿಕೆ ಮೂತ್ರಗಳನ್ನು ಸಕ್ಕರೆ ಕಾಯಿಲೆಯೆಂದೂ, ಮಲಬದ್ಧತೆಯನ್ನು ನೋವಿಗೆ ಕೊಟ್ಟ ಮಾರ್ಫಿನ್ ಗುಳಿಗೆಯ ಪರಿಣಾಮವೆಂದೂ, ಮರೆವನ್ನು ವಯಸ್ಸೆಂದೂ, ಒಟ್ಟು ಸ್ಥಿತಿಯನ್ನು ಕೊನೆಗಾಲವೆಂದೂ ತಿಳಿಯುವುದುಂಟು. ರಾತ್ರಿ ಏಳುವುದು ತಪ್ಪಲೆಂದು ಸಂಜೆಯಿಂದ ನೀರನ್ನೇ ಕಡಿಮೆ ಮಾಡುವ ಮನೆಗಳೂ ಇವೆ. ಅಕ್ಕರೆಯಿಂದಲೇ ಮಾಡಿದ್ದಾದರೂ ಅದು ಮೇಲೆ ಹೇಳಿದ ಚಕ್ರಕ್ಕೆ ಎಣ್ಣೆ ಹೊಯ್ದಂತೆ.

ಆದಕಾರಣ ಕ್ಯಾನ್ಸರ್ ರೋಗಿ ಮಂಕಾದಾಗ ಮನೆಯವರು ವೈದ್ಯರನ್ನು ಕೇಳಬೇಕಾದುದು ಇಷ್ಟೇ: "ರಕ್ತದ ಕ್ಯಾಲ್ಸಿಯಂ ನೋಡಿದ್ದೀರಾ?" ಇದು ದುಬಾರಿಯಾದ ಪರೀಕ್ಷೆಯಲ್ಲ. ಅದರ ಜೊತೆಗೆ ಕ್ರಿಯಾಟಿನಿನ್ ಮತ್ತು ಆಲ್ಬುಮಿನ್ ಕೂಡ ಬೇಕು. ರಕ್ತದ ಸುಣ್ಣದಲ್ಲಿ ಸುಮಾರು ನೂರಕ್ಕೆ 40 ಪಾಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿದ್ದು ಕೆಲಸಕ್ಕೆ ಬಾರದು, ಬಿಡಿಯಾಗಿರುವುದೇ ಪರಿಣಾಮಕಾರಿ. ಸೊರಗಿದ ರೋಗಿಯಲ್ಲಿ ಆಲ್ಬುಮಿನ್ ಕಡಿಮೆಯಿರುವುದರಿಂದ ಒಟ್ಟು ಲೆಕ್ಕ ಸರಿಯಾಗಿದ್ದಂತೆ ತೋರಿಯೂ ಬಿಡಿ ಸುಣ್ಣ ಏರಿರಬಹುದು. ಆಲ್ಬುಮಿನ್ 4 ಗ್ರಾಂಗಿಂತ ಒಂದೊಂದು ಗ್ರಾಂ ಇಳಿದಾಗಲೂ ಕ್ಯಾಲ್ಸಿಯಮಿಗೆ 0.8 ಕೂಡಿಸಿಕೊಳ್ಳುವುದು ರೂಢಿ. ವರದಿಯಲ್ಲಿ ಕ್ಯಾಲ್ಸಿಯಂ 10.2 ಎಂದಿದ್ದು ಆಲ್ಬುಮಿನ್ 2 ಇದ್ದರೆ ನಿಜವಾದುದನ್ನು 11.8 ಎಂದು ತಿಳಿಯಬೇಕು. ಅನುಕೂಲವಿದ್ದಲ್ಲಿ ಬಿಡಿ ಕ್ಯಾಲ್ಸಿಯಮನ್ನೇ ನೇರವಾಗಿ ಅಳೆಯುವುದು ಉತ್ತಮ.

ಇನ್ನು ಚಿಕಿತ್ಸೆ. ಲೀಟರಿಗೆ 9 ಗ್ರಾಂ ಉಪ್ಪು ಬೆರೆತ ನೀರು, ಅದೇ ನಮ್ಮ ಸಲಾಯಿನ್, ಇಲ್ಲಿ ಬರಿಯ ಶಕ್ತಿಗೆಂದು ಕೊಡುವುದಲ್ಲ. ದೇಹ ತುಂಬಿದೊಡನೆ ನಾಳದ ಮೊದಲ ಭಾಗ ಉಪ್ಪನ್ನು ಬಾಚುವುದನ್ನು ಬಿಡುತ್ತದೆ. ಉಪ್ಪು ಮೂತ್ರಕ್ಕೆ ಹೋಗುವಾಗ ಸುಣ್ಣವನ್ನೂ ಕರೆದೊಯ್ಯುತ್ತದೆ. ಇದರಿಂದ ಕ್ಯಾಲ್ಸಿಯಂ ಸಾಮಾನ್ಯವಾಗಿ 1ರಿಂದ 2 ಮಿಲಿಗ್ರಾಂ ಇಳಿಯುತ್ತದೆ. ಹೃದಯ ದುರ್ಬಲವಾದವರಲ್ಲಿ, ಮೂತ್ರ ಕಡಿಮೆಯಾದವರಲ್ಲಿ ಎಷ್ಟು, ಎಷ್ಟು ವೇಗದಲ್ಲಿ ಎಂಬುದನ್ನು ವೈದ್ಯರೇ ನೋಡಿ ನಿರ್ಧರಿಸಬೇಕು. ಮೂತ್ರ ಹೆಚ್ಚಿಸುವ ಫ್ರುಸೆಮೈಡ್ ಔಷಧವನ್ನು 1970ರ ಸುಮಾರಿನಿಂದ ಇದಕ್ಕೆ ಧಾರಾಳವಾಗಿ ಕೊಡುತ್ತಿದ್ದರು. ಅದು ಸುಣ್ಣವನ್ನು ಹೊರಹಾಕುವುದೇನೋ ನಿಜ, ಆದರೆ ದೇಹ ತುಂಬುವ ಮೊದಲೇ ಕೊಟ್ಟರೆ ಒಣಗಿದವರನ್ನು ಇನ್ನಷ್ಟು ಒಣಗಿಸುತ್ತದೆ. 2008ರಲ್ಲಿ ಹಳೆಯ ವರದಿಗಳನ್ನೆಲ್ಲ ಪರಿಶೀಲಿಸಿದ ಲೇಖನವೊಂದು ಈ ರೂಢಿಗೆ ಗಟ್ಟಿಯಾದ ಆಧಾರವಿಲ್ಲವೆಂದು ತೋರಿಸಿತು. ಈಗ ಅದನ್ನು ಸಲಾಯಿನ್ ಹೆಚ್ಚಾಗಿ ಮೈಯಲ್ಲಿ ನೀರು ನಿಂತವರಿಗೆ ಮಾತ್ರ ಮೀಸಲಿಡುವುದು ವಾಡಿಕೆ. ಇದಕ್ಕೆ ವ್ಯತಿರಿಕ್ತವಾಗಿ, ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ವರ್ಗದ ಗುಳಿಗೆಗಳು ಮೂತ್ರದಲ್ಲಿ ಸುಣ್ಣ ಹೋಗುವುದನ್ನು ತಗ್ಗಿಸುತ್ತವೆ. ಅನೇಕರ ಬಿ.ಪಿ. ಗುಳಿಗೆಯಲ್ಲಿ ಅದು ಬೆರೆತಿರುವುದು ಅವರಿಗೆ ಗೊತ್ತಿರುವುದಿಲ್ಲ. ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸುವುದು ಒಳ್ಳೆಯದು; ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವದ ಗುಳಿಗೆಗಳು, ಮೂತ್ರಪಿಂಡಕ್ಕೆ ತಾಗುವ ಕೆಲವು ನೋವಿನ ಗುಳಿಗೆಗಳು ಅದರಲ್ಲಿ ಸಿಕ್ಕೇ ಸಿಗುತ್ತವೆ.

ಸಲಾಯಿನ್ ಬಾಗಿಲನ್ನು ತೆರೆಯುತ್ತದೆ, ಎಲುಬಿನಿಂದ ಸುರಿಯುವುದನ್ನು ನಿಲ್ಲಿಸುವುದಿಲ್ಲ. ಅದಕ್ಕೆ ಬೇರೆ ಔಷಧಗಳಿವೆ. ಕ್ಯಾಲ್ಸಿಟೋನಿನ್ ಚುಚ್ಚುಮದ್ದು ಕೆಲವೇ ಗಂಟೆಗಳಲ್ಲಿ ಎಲುಬನ್ನು ತಡೆದು ಮೂತ್ರದಲ್ಲಿಯೂ ಸುಣ್ಣವನ್ನು ಕಳಿಸುತ್ತದೆ, ಆದರೆ ಎರಡು ದಿನಗಳಲ್ಲಿ ಅದರ ಕಸುವು ಕುಂದುತ್ತದೆ. ಜೋಲೆಡ್ರೋನಿಕ್ ಆಮ್ಲದ ಪರಿಣಾಮ ಕಾಣಲು ಎರಡರಿಂದ ನಾಲ್ಕು ದಿನ ಬೇಕು, ವಾರಗಟ್ಟಲೆ ಉಳಿಯುತ್ತದೆ. ಅದು ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ನಿಧಾನವಾಗಿ ಕೊಡಬೇಕು, ಕ್ರಿಯಾಟಿನಿನ್ ನೋಡಿಕೊಂಡು ಕೊಡಬೇಕು. ಡೆನೋಸುಮಾಬ್ ಎಂಬ ಹೊಸ ಔಷಧಕ್ಕೆ ಮೂತ್ರಪಿಂಡದ ಹಂಗಿಲ್ಲ. ಆದರೆ ಮೂತ್ರಪಿಂಡ ಸೋತವರಲ್ಲಿ ಅದರಿಂದ ಸುಣ್ಣ ಅತಿಯಾಗಿ ಇಳಿದುಬಿಡುವ ಭಯ ಉಂಟು. ಈ ಎರಡನ್ನೂ ಪಡೆದವರು ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ತಪ್ಪದೆ ತಿಳಿಸಬೇಕು, ದವಡೆಯ ಎಲುಬು ಮಾಯದೆ ಕೊಳೆಯುವುದುಂಟು. ಲಿಂಫೋಮ, ಮೈಲೋಮಗಳಿಗೆ ಸ್ಟೀರಾಯ್ಡು ನೆರವಾಗುತ್ತದೆ. ಮೂತ್ರಪಿಂಡ ಪೂರ್ಣ ನಿಂತವರಿಗೆ ಡಯಾಲಿಸಿಸ್ ಉಳಿದಿರುವ ದಾರಿ.

ಹಾಲು ರಾಗಿಗಳ ಪ್ರಶ್ನೆಗೆ ಮರಳೋಣ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಗಡ್ಡೆಯ ಪ್ರೋಟೀನಿನಿಂದಾದ ಬಗೆಯಲ್ಲಿ ಸಕ್ರಿಯ ಡಿ ಜೀವಸತ್ವ ತಗ್ಗಿರುವುದರಿಂದ ಕರುಳು ಸುಣ್ಣವನ್ನು ಹೀರುವುದೇ ಕಡಿಮೆ. ಅಂಥವರಿಗೆ ಸೇರುವ ಒಂದು ಲೋಟ ಮಜ್ಜಿಗೆಯನ್ನು ತಪ್ಪಿಸಿದರೆ ಆಗುವುದು ನಷ್ಟವೇ: ನೀರೂ ಹೋಯಿತು, ಪುಷ್ಟಿಯೂ ಹೋಯಿತು. ಲಿಂಫೋಮದವರ ವಿಷಯ ಮಾತ್ರ ಬೇರೆ, ಅವರು ವೈದ್ಯರು ಹೇಳಿದಂತೆ ಪಥ್ಯ ಮಾಡಬೇಕು. ಎಲೆಯಡಿಕೆಯನ್ನಾದರೋ ಎಲ್ಲರೂ ಬಿಡತಕ್ಕದ್ದು. ಅದಕ್ಕೆ ಕಾರಣ ಹಚ್ಚಿದ ಸುಣ್ಣವಲ್ಲ, ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಸೇರಿಸಿದೆ.

ಕಹಿಯಾದರೂ ಒಂದು ಮಾತನ್ನು ಮರೆಮಾಚಬಾರದು. ಕ್ಯಾನ್ಸರಿನಿಂದ ಸುಣ್ಣ ಏರಿದೆಯೆಂದರೆ ರೋಗ ಸಾಮಾನ್ಯವಾಗಿ ಮುಂದುವರಿದಿದೆ ಎಂದೇ ಅರ್ಥ. ಮೂಲ ಗಡ್ಡೆಗೆ ಚಿಕಿತ್ಸೆ ಸಾಧ್ಯವಿದ್ದರೆ ಸುಣ್ಣವೂ ಹತೋಟಿಗೆ ಬರುತ್ತದೆ, ಇಲ್ಲದಿದ್ದರೆ ಕೆಲವು ವಾರಗಳಲ್ಲಿ ಮತ್ತೆ ಏರುತ್ತದೆ. ಹಾಗಿದ್ದರೂ ಮಂಕು ಹರಿದು ಎಚ್ಚರಗೊಂಡು ಮಕ್ಕಳನ್ನು ಗುರುತಿಸಿ ಮಾತಾಡುವ ಕೆಲವು ವಾರಗಳು ಒಂದು ಕುಟುಂಬಕ್ಕೆ ಅಲ್ಪವಲ್ಲ; ಹೊಲಮನೆಯ ವಿಚಾರ ಹೇಳುವುದಿರುತ್ತದೆ, ಮುಂದಿನ ಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ರೋಗಿಯೇ ತೀರ್ಮಾನಿಸುವುದಿರುತ್ತದೆ. ಪದೇ ಪದೇ ಆಸ್ಪತ್ರೆಗೆ ಒಯ್ಯುವುದು ಬೇಡವೆಂದು ರೋಗಿ ತಿಳಿವಿದ್ದಾಗಲೇ ಹೇಳಿದರೆ ಆ ಮಾತಿಗೂ ಬೆಲೆ ಕೊಡಬೇಕು. ಆಗ ನೋವು, ವಾಕರಿಕೆ, ಬಾಯಿ ಒಣಗುವಿಕೆಗಳಿಗೆ ಮನೆಯಲ್ಲಿಯೇ ಉಪಶಮನ ನೀಡಲು ಸಾಧ್ಯವಿದೆ.

ಆಸ್ಪತ್ರೆಯಿಂದ ಬಂದವರನ್ನು ಹಾಸಿಗೆಯಲ್ಲಿಯೇ ಮಲಗಿಸಿ ಇಡಬಾರದು. ನಡೆದಾಡದ ಎಲುಬು ಇನ್ನೂ ಬೇಗ ಸುಣ್ಣ ಬಿಡುತ್ತದೆ. ಕೈಹಿಡಿದು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹಾಕಿಸಿದರೂ ಒಳ್ಳೆಯದೇ. ವೈದ್ಯರು ಹೇಳಿದಷ್ಟು ನೀರನ್ನು ಬೆಳಿಗ್ಗೆಯೇ ಅಳೆದು ತಂಬಿಗೆಯಲ್ಲಿ ತುಂಬಿ ಹತ್ತಿರವಿಟ್ಟು ಗುಟುಕು ಗುಟುಕಾಗಿ ಕುಡಿಸಬೇಕು. ಮತ್ತೆ ರಕ್ತಪರೀಕ್ಷೆ ಯಾವ ದಿನವೆಂಬುದನ್ನು ಕೇಳಿಕೊಂಡು ಬಂದು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಡಬೇಕು. ಅದಕ್ಕೆ ಮೊದಲೇ ಬಾಯಾರಿಕೆ, ಮಂಕು ಮರುಕಳಿಸಿದರೆ ಆ ದಿನದವರೆಗೆ ಕಾಯತಕ್ಕದ್ದಲ್ಲ.